ಆರು ಎಂದು ಬರೆಯುವುದು

ಬೆಳಗಿನ ಆರೂಮುಕ್ಕಾಲು. ಬ್ಲಾಂಟೈರ್‌ನಲ್ಲಿ
ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಬಂದಿದೆ.
ಇನ್‌ಕ್ಯುಬೇಟರಿನ ಬಾಗಿಲು ತೆರೆದರೆ
ಮೊದಲು ಬರುವುದು ವಾಸನೆ,
ನಾದಿಟ್ಟ ಹಿಟ್ಟು ರಾತ್ರಿಯಿಡೀ ಉಸಿರಾಡಿದ ಹಾಗೆ.

ತಟ್ಟೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ.
ಸಮನಾಗಿ ಬೆಳೆದಿದೆ ಹುಲ್ಲು, ಬೂದುಬಣ್ಣದ ಲೋಳೆ ಹುಲ್ಲು.
ಅದರ ಮೇಲೆ ನಿನ್ನೆ ನಾನೇ ಇಟ್ಟ ಆರು ಕಾಗದದ ಬಿಲ್ಲೆ,
ಒಂದೊಂದರಲ್ಲೂ ಒಂದೊಂದು ಔಷಧಿ.
ಔಷಧಿ ಗೆದ್ದಿದ್ದರೆ ಸುತ್ತ ಬಯಲಾಗಬೇಕಿತ್ತು.
ಆಂಪಿಸಿಲಿನ್: ಅಂಚಿನ ತನಕ ಹುಲ್ಲು.
ಜೆಂಟಾಮೈಸಿನ್: ಅಂಚಿನ ತನಕ.
ಸೆಫ್ಟ್ರಿಯಾಕ್ಸೋನ್, ವಾರ್ಡಿನವರು ಹೆಸರು ಹೇಳುವಾಗ
ದನಿ ತಗ್ಗಿಸುವ ಔಷಧಿ,
ಅದಕ್ಕೂ ಭುಜ ಆನಿಸಿ ನಿಂತಿದೆ.

ಸ್ಕೇಲು ಇಟ್ಟು ಬರೆಯುತ್ತೇನೆ: ಆರು. ಆರು. ಆರು.
ಇಲ್ಲಿ ಸೊನ್ನೆ ಬರೆಯುವಂತಿಲ್ಲ.
ಬಿಲ್ಲೆಯ ಅಗಲವೇ ಆರು ಮಿಲಿಮೀಟರ್.
ಏನೂ ಆಗಲಿಲ್ಲ ಅನ್ನುವುದಕ್ಕೂ ಒಂದು ಅಳತೆ ಬೇಕಲ್ಲ.
ಕೆಲಸ ಕಲಿಸಿದ ಮುದುಕ ಚಿಸಾಲೆ ನಕ್ಕಿದ್ದರು:
"ಸೋಲಿಗೂ ಒಂದು ಮೈ ಇರುತ್ತದೆ, ಟಮಂಡಾನಿ."

ಒಳಗೆ ನಡೆದದ್ದು ಕಾಣುವುದಿಲ್ಲ. ಗೊತ್ತು, ಅಷ್ಟೆ.
ಸೆಫ್ಟ್ರಿಯಾಕ್ಸೋನಿನ ಎದೆಯಲ್ಲಿ ನಾಲ್ಕು ಮೂಲೆಯ ಉಂಗುರ,
ಬಗ್ಗಿಸಿ ಕಟ್ಟಿದ್ದು, ಹೆದೆಯೇರಿಸಿದ ಬಿಲ್ಲಿನ ಬಿಗುವು;
ಆ ಬಿಗುವೇ ಅದರ ಕಸುವು.
ಕ್ಲೆಬ್ಸಿಯೆಲ್ಲಾ ಹೊಸಿಲಲ್ಲೇ ಒಂದು ಕಿಣ್ವವನ್ನು ಕೂರಿಸಿದೆ.
ಅದು ಬೈಯುವುದಿಲ್ಲ, ಬಾಗಿಲು ಹಾಕುವುದಿಲ್ಲ,
ಬಂದವರಿಗೆ ನೀರು ಕೊಡುತ್ತದೆ.
ಒಂದೇ ಅಣು ನೀರು.
ಉಂಗುರದ ಒಂದು ಕೊಂಡಿ ಕಳಚುತ್ತದೆ,
ಬಿಲ್ಲು ಕೋಲಾಗುತ್ತದೆ.
ಕಿಣ್ವ ಮುಂದಿನವರಿಗೆ ಕಾಯುತ್ತದೆ, ದಣಿಯದೆ.
ಜೆಂಟಾಮೈಸಿನ್ ಬಂದರೆ ಬೇರೊಬ್ಬ ಕಾವಲುಗಾರ,
ಬೆನ್ನಿಗೊಂದು ಚೀಟಿ ಅಂಟಿಸಿ ಬಿಡುವವನು.

ಈ ವಿದ್ಯೆ ತಾಯಿಯಿಂದ ಬಂದದ್ದೇ ಆಗಬೇಕಿಲ್ಲ.
ಗೋಡೆಯಾಚೆಯವರಿಂದ ಹೆಪ್ಪು ಈಸಿಕೊಂಡಂತೆ,
ಕೊಟ್ಟವರಿಗೆ ಏನೂ ಕಡಿಮೆಯಾಗುವುದಿಲ್ಲ,
ಈಸಿಕೊಂಡವರ ಮನೆಯ ಹಾಲೆಲ್ಲ ಮೊಸರು.
ಜಾತಿ ಬೇರೆಯಾದರೂ ಕೊಡುತ್ತಾರೆ.
ಸಿಂಕಿನ ಕೊಳವೆಯಲ್ಲಿ, ಕೋಳಿಗೂಡಿನ ಗೊಬ್ಬರದಲ್ಲಿ,
ಇರಬಹುದು, ನನ್ನ ಬೆರಳ ಸಂದಿಯಲ್ಲಿ.
ಔಷಧಿಯೆಂಬ ಮಾತೇ ಇಲ್ಲದ ಕಾಲದ
ಹೆಪ್ಪುಗಟ್ಟಿದ ಮಣ್ಣಿನಲ್ಲೂ
ಇತ್ತಂತೆ ಈ ಹೆಪ್ಪು.

ಫಾರಂ ಮೇಲೆ ರೋಗಿಯ ಹೆಸರು: ಫೈನೆಸ್‌ಳ ಮಗು. ಒಂಬತ್ತು ದಿನ.
ಉಳಿಯುವುದು ಖಾತ್ರಿಯಾಗಲಿ, ಆಮೇಲೆ ಹೆಸರು
ಅಂದಿದ್ದಾಳಂತೆ ಅಜ್ಜಿ.
ಅದರ ರಕ್ತದಲ್ಲಿರುವುದಕ್ಕೆ ಮಾತ್ರ
ನಾನು ನಿನ್ನೆಯೇ ನಾಮಕರಣ ಮಾಡಿದೆ,
ಎರಡು ಪದದ ಲ್ಯಾಟಿನ್ ಹೆಸರು, ಜೊತೆಗೊಂದು ಸಂಖ್ಯೆ.

ನಾಲ್ಕನೆಯದು ಆರು. ಐದನೆಯದು ಆರು.
ಕೊನೆಯದು ಅಮಿಕಾಸಿನ್.
ಸ್ಕೇಲು ಒರೆಸಿ ಮತ್ತೆ ಇಡುತ್ತೇನೆ.
ಕನ್ನಡಕ ಒರೆಸಿ ಮತ್ತೆ.
ಹದಿನೆಂಟು.

ವಾರ್ಡಿನಲ್ಲಿ ಫೋನು ಎತ್ತುವವರಿಲ್ಲ.
ಮೊಬೈಲಿನಲ್ಲಿ ಫೋಟೋ ಹಿಡಿದು ಓಡುತ್ತೇನೆ, ಮೆಟ್ಟಿಲು, ಕಾರಿಡಾರು,
ನೆಲದಲ್ಲಿ ಮಲಗಿದ ಅಜ್ಜಿಯರನ್ನು ದಾಟಿ.
ಫೈನೆಸ್ ಮಗುವನ್ನು ಚಿತೆಂಜೆ ಬಟ್ಟೆಯಲ್ಲಿ
ಎದೆಗೆ ಕಟ್ಟಿಕೊಂಡು ಕೂತಿದ್ದಾಳೆ.
ನ್ದಿರಾಂಡೆ ಸಂತೆಯಲ್ಲಿ ಒಣಮೀನು ಮಾರುವವಳು.
ಫೋಟೋ ನೋಡಿದಳು, ಅದರ ಬಯಲಿನ ಮೇಲೆ ಬೆರಳಿಟ್ಟಳು.
"ಮೀನು ಹರವಿದ ಚಾಪೆ. ಇಲ್ಲಿ ಕಾಗೆ ಬಂದು ಹೋಗಿದೆ."
ಹೌದು, ಅಂದೆ.
"ಉಳಿದ ಐದು ಕಾಗೆಗೆ ಏನು ಬಂತು?"
ಮೀನು ಕಲಿತುಕೊಂಡಿವೆ, ಅಂದೆ.
ಅವಳು ನಗಲಿಲ್ಲ.
"ಈ ಆರನೆಯದು ಎಷ್ಟು ದಿನ?"

ಸಿಸ್ಟರ್ ಲೊನ್ಜೆ ಶೀಸೆಯ ಕತ್ತು ಮುರಿದ ಸದ್ದು.
ಅಲಮಾರಿಯಲ್ಲಿ ಇನ್ನು ಮೂರು.
ನಾನು ಮೂಲೆಯ ಸಿಂಕಿಗೆ ಹೋಗಿ ಕೈ ತೊಳೆದೆ.
ನಲ್ಲಿಯ ಬಾಯಿಯೊಳಗೆ ಏನೋ ತೆಳ್ಳಗೆ, ಬೂದು.
ಒದ್ದೆ ಕೈಯಲ್ಲೇ ಜೇಬು ತಡಕಿದೆ
ಹತ್ತಿಕಡ್ಡಿಗಾಗಿ.